ಕನ್ಹೇರಿ ಗುಹೆಗಳ ಭಾನುವಾರದ ಹೆರಿಟೇಜ್ ವಾಕ್: ತಲೆಗೆ 700 ರೂಪಾಯಿ ಕೊಡಬಹುದಾ?

ಕೊಡಬಹುದು. ಆದರೆ ಬ್ಯಾಚಿನಲ್ಲಿ ಎಷ್ಟು ಜನ ಇರುತ್ತಾರೆ ಅಂತ ಮೊದಲೇ ಫೋನ್ ಮಾಡಿ ಕೇಳಿ, ಆಮೇಲೆ ದುಡ್ಡು ಹಾಕಿ. ಒಟ್ಟು ವಾಕ್‌ಗೆ ಐದರಲ್ಲಿ ಮೂರೂವರೆ. ಗೈಡ್ ಒಬ್ಬರಿಗೇ ಅಂಕ ಕೊಡಿ ಅಂದರೆ ಐದಕ್ಕೆ ಐದು. ನಡೆಸುವ ತಂಡದ ಹೆಸರು ಹಾಕುತ್ತಿಲ್ಲ, ಯಾಕೆಂದರೆ ಕೆಳಗೆ ಸ್ವಲ್ಪ ಬೈದಿದ್ದೇನೆ. ಹೇಗೂ ಮುಂಬೈಯಲ್ಲಿ ಇಂಥ ವಾಕ್ ನಡೆಸುವವರು ಬೇಕಾದಷ್ಟು ಜನ ಇದ್ದಾರೆ, ನೀವು ಯಾರ ಜೊತೆ ಹೋದರೂ ಇದರಲ್ಲಿ ಅರ್ಧ ಮಾತು ಉಪಯೋಗಕ್ಕೆ ಬರುತ್ತದೆ.

ಮೊದಲು ಹೋಗುವ ವಿಷಯ. ಬೊರಿವಲಿ ಪೂರ್ವದಲ್ಲಿ ಸಂಜಯ್ ಗಾಂಧಿ ನ್ಯಾಷನಲ್ ಪಾರ್ಕಿನ ದೊಡ್ಡ ಗೇಟ್ ಹತ್ತಿರ ಬೆಳಿಗ್ಗೆ ಏಳಕ್ಕೆ ಸೇರಬೇಕು. ನಮ್ಮ ಹಾಗೆ ಡೊಂಬಿವಲಿ ಕಡೆಯಿಂದ ಬರುವವರು ದಾದರ್‌ನಲ್ಲಿ ಇಳಿದು ವೆಸ್ಟರ್ನ್ ಲೈನ್ ಹಿಡಿಯಬೇಕು. ಭಾನುವಾರ ಮೆಗಾ ಬ್ಲಾಕ್ (ಹಳಿ ರಿಪೇರಿಗೆ ಲೋಕಲ್ ನಿಲ್ಲಿಸುವುದು) ಇದೆಯಾ ಅಂತ ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಗೇಟಿನಿಂದ ಗುಹೆಗಳು ಐದಾರು ಕಿಲೋಮೀಟರಿಗೂ ಜಾಸ್ತಿ ಒಳಗಿವೆ, ವಾಕ್ ಅಂತ ಹೆಸರಿದ್ದರೂ ಅಲ್ಲಿ ತನಕ ಗಾಡಿಯಲ್ಲೇ ಹೋಗುವುದು. ಪಾರ್ಕಿಗೆ ಒಂದು ಟಿಕೆಟ್, ಗುಹೆಗಳಿಗೆ ಪುರಾತತ್ವ ಇಲಾಖೆಯ ಇನ್ನೊಂದು ಟಿಕೆಟ್. 15 ವರ್ಷದ ಕೆಳಗಿನ ಮಕ್ಕಳಿಗೆ ಗುಹೆಯ ಟಿಕೆಟ್ ಬೇಡ. ಈ ಎರಡೂ 700ರಲ್ಲಿ ಸೇರಿಲ್ಲ. ಜಾಹೀರಾತಿನಲ್ಲಿ ಅದು ಇತ್ತು, ಆದರೆ ಇರುವೆ ಸಾಲಿನಂಥ ಅಕ್ಷರದಲ್ಲಿ. ಸೋಮವಾರ ರಜೆ.

ಗಣಪತಿ ವಿಸರ್ಜನೆ ಮುಗಿದ ಮೇಲಿನ ಭಾನುವಾರ ನಾವು ಹೋದದ್ದು. ನಾನು, ಮನೆಯವರು, ಮಗಳು, ಊರಿನಿಂದ ಬಂದಿದ್ದ ಮಾವ. ಮಾವ ಸೇಡಂ ಕಡೆಯವರು. ಇದು ಯಾಕೆ ಮುಖ್ಯ ಅಂತ ಆಮೇಲೆ ಗೊತ್ತಾಗುತ್ತದೆ.

ಕನ್ಹೇರಿ ಬಗ್ಗೆ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಒಂದೇ ಗುಡ್ಡದಲ್ಲಿ 109 ಗುಹೆ. ಕ್ರಿಸ್ತಪೂರ್ವ 1ನೇ ಶತಮಾನದ ಹೊತ್ತಿಗೆ ಶುರುವಾಗಿ ಸಾವಿರ ವರ್ಷ ಬೌದ್ಧ ಭಿಕ್ಷುಗಳು ಇಲ್ಲಿ ಇದ್ದರು. ಕಲ್ಯಾಣ, ಸೋಪಾರ, ನಾಸಿಕದ ವ್ಯಾಪಾರಿಗಳು ದುಡ್ಡು ಕೊಟ್ಟು ಕೊರೆಸಿದ ಗುಹೆಗಳು ಇದರಲ್ಲಿವೆ, ಅವರ ಹೆಸರು ಗೋಡೆಯ ಮೇಲೆ ಹಳೆಯ ಬ್ರಾಹ್ಮಿ ಲಿಪಿಯಲ್ಲಿ ಇದೆ. ಲೋಕಲ್ ಟ್ರೈನ್ ಹೋಗುವ ಊರಿನ ಒಳಗೇ ಇಷ್ಟು ದೊಡ್ಡ ಜಾಗ ಇದೆ ಅಂತ ಮುಂಬೈಯಲ್ಲಿ ಹತ್ತಾರು ವರ್ಷ ಕಳೆದವರಿಗೂ ಗೊತ್ತಿರುವುದಿಲ್ಲ, ಬಂದ ನೆಂಟರನ್ನೆಲ್ಲ ಎಲಿಫೆಂಟಾಕ್ಕೆ ಮಾತ್ರ ಕರೆದುಕೊಂಡು ಹೋಗುತ್ತೇವೆ.

ಈಗ ಗೈಡ್ ವಿಷಯ. ಪುಣೆಯಲ್ಲಿ ಪುರಾತತ್ವ ಓದಿದ ಹುಡುಗಿ. ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಸಲೀಸಾಗಿ ಮಾತಾಡುತ್ತಾರೆ. ಸಾಮಾನ್ಯವಾಗಿ ಗೈಡ್‌ಗಳು ಏನು ಮಾಡುತ್ತಾರೆ? ಸೀದಾ ದೊಡ್ಡ ಬುದ್ಧನ ಮುಂದೆ ನಿಲ್ಲಿಸಿ ಎತ್ತರ ಇಷ್ಟು, ರಾಜ ಇಂಥವನು, ಫೋಟೋ ತೆಗೀರಿ ಅನ್ನುತ್ತಾರೆ. ಇವರು ಒಂದನೇ ಗುಹೆಯ ಹೊರಗೇ ನಿಲ್ಲಿಸಿ "ಒಳಗೆ ಏನಿದೆ ಅಂತ ಈಗ ನೋಡಬೇಡಿ, ಮೇಲೆ ನೋಡಿ" ಅಂದರು. ಬಂಡೆಯ ಹಣೆಯಲ್ಲಿ ಸಣ್ಣ ಕಾಲುವೆ. ಉಳಿಯಿಂದ ಕೊರೆದದ್ದು. ಗುಡ್ಡದ ಮೇಲಿಂದ ಬರುವ ನೀರು ಗುಹೆಯ ಬಾಯಿಗೆ ಬೀಳದ ಹಾಗೆ ಪಕ್ಕಕ್ಕೆ ತಿರುಗಿಸಲು. ಆ ಪಕ್ಕದಲ್ಲೇ ನೆಲದಲ್ಲಿ ಚೌಕದ ಬಾಯಿಯ ಕಲ್ಲಿನ ತೊಟ್ಟಿ. ಹೆಚ್ಚಿನ ಗುಹೆಗಳ ಪಕ್ಕ ಒಂದೊಂದು ತೊಟ್ಟಿ ಇದೆ, ಒಂದು ತುಂಬಿದರೆ ಉಕ್ಕಿದ ನೀರು ಇನ್ನೊಂದು ಕಡೆ ಹೋಗುವ ಏರ್ಪಾಡೂ ಇದೆ. ಮುಂಬೈಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದೂ ನಾಲ್ಕು ತಿಂಗಳಲ್ಲಿ. ಉಳಿದ ಎಂಟು ತಿಂಗಳಿಗೆ ನೀರು ಬೇಕು, ಈ ನಾಲ್ಕು ತಿಂಗಳು ನೀರಿನಿಂದ ತಪ್ಪಿಸಿಕೊಳ್ಳಬೇಕು. ಅಷ್ಟು ಜನ ಭಿಕ್ಷುಗಳು ಇಲ್ಲಿ ಬದುಕಿದ್ದು ಈ ಲೆಕ್ಕ ಸರಿಯಾಗಿ ಗೊತ್ತಿದ್ದದ್ದರಿಂದ.

ಮತ್ತೆ ಅವರು ಹೇಳಿದ ಮಾತು ನನಗೆ ಬಹಳ ಹಿಡಿಸಿತು. ಗುಹೆಯನ್ನು ಕಾಪಾಡುವುದು ಅಂದರೆ ಮುರಿದ ಮೂಗು ಅಂಟಿಸುವುದು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ನಿಜವಾದ ಕೆಲಸ ಮುಕ್ಕಾಲು ಪಾಲು ನೀರಿನದ್ದು. ಕಲ್ಲಿನ ಬಿರುಕಿನಲ್ಲಿ ನೀರು ಇಳಿಯುತ್ತದೆ, ಜೊತೆಗೆ ಉಪ್ಪೂ ಇಳಿಯುತ್ತದೆ, ಒಣಗುವಾಗ ಆ ಉಪ್ಪು ಒಳಗೇ ಹರಳುಗಟ್ಟಿ ಕಲ್ಲಿನ ಮೈಯನ್ನು ಪದರ ಪದರವಾಗಿ ತಳ್ಳುತ್ತದೆ. ಹಸಿ ಇದ್ದಲ್ಲಿ ಪಾಚಿ. ಪಾಚಿ ಇದ್ದಲ್ಲಿ ಮಣ್ಣು ಕೂರುತ್ತದೆ, ಮಣ್ಣು ಕೂತಲ್ಲಿ ಹಕ್ಕಿ ಹಾಕಿದ ಬೀಜದಿಂದ ಆಲವೋ ಅರಳಿಯೋ ಹುಟ್ಟುತ್ತದೆ, ಅದರ ಬೇರು ಬಿರುಕಿಗೆ ಇಳಿದರೆ ಮುಗಿಯಿತು. ಆದ್ದರಿಂದ ಮಳೆಗಾಲಕ್ಕೆ ಮುಂಚೆ ಎಲೆ ತೆಗೆದು, ಕಾಲುವೆ ಬಿಡಿಸಿ, ಸಣ್ಣ ಗಿಡ ಇದ್ದಾಗಲೇ ಕಿತ್ತರೆ ಅದೇ ದೊಡ್ಡ ಸಂರಕ್ಷಣೆ. ಅದಕ್ಕೆ ಯಾರೂ ಬಂದು ರಿಬ್ಬನ್ ಕತ್ತರಿಸುವುದಿಲ್ಲ. ಸಿಮೆಂಟ್ ಬಗ್ಗೆಯೂ ಹೇಳಿದರು. ಬಿರುಕು ಕಂಡ ತಕ್ಷಣ ಸಿಮೆಂಟ್ ಮೆತ್ತಿದರೆ ಅದು ಹಳೆ ಕಲ್ಲಿಗಿಂತ ಬಿಗಿಯಾಗಿ ಕೂತು ನೀರಿನ ದಾರಿ ಮುಚ್ಚುತ್ತದೆ, ನೀರು ಪಕ್ಕದ ಕಲ್ಲನ್ನು ತಿನ್ನಲು ಶುರು ಮಾಡುತ್ತದೆ, ಸಿಮೆಂಟಿನಲ್ಲೂ ಉಪ್ಪು ಇರುತ್ತದೆ. ಅದಕ್ಕೇ ಸುಣ್ಣದ ಗಾರೆ. ಊರಿನಲ್ಲಿ ಹಳೆ ದೇವಸ್ಥಾನಕ್ಕೆ ಸಿಮೆಂಟ್ ಬಳಿದು, ಮೇಲೆ ಆಯಿಲ್ ಪೇಂಟ್ ಹೊಡೆದು "ಜೀರ್ಣೋದ್ಧಾರ" ಅಂತ ಬೋರ್ಡ್ ಹಾಕುವ ನಮ್ಮ ಕಮಿಟಿಗಳವರನ್ನು ಈ ವಾಕ್‌ಗೆ ಕಳಿಸಬೇಕು. ಟಿಕೆಟ್ ದುಡ್ಡು ನಾನೇ ಕೊಡುತ್ತೇನೆ.

ಮೂರನೇ ಗುಹೆ ದೊಡ್ಡ ಚೈತ್ಯ, ಅಂದರೆ ಬೌದ್ಧರ ಪ್ರಾರ್ಥನೆಯ ಹಾಲ್. ಎಲ್ಲರೂ ಫೋಟೋದಲ್ಲಿ ನೋಡಿರುವುದು ಇದನ್ನೇ. ಒಳಗೆ 34 ಕಂಬ, ಕೊನೆಯಲ್ಲಿ ಸ್ತೂಪ. ಹೊರಗಿನ ಪಡಸಾಲೆಯ ಎರಡೂ ತುದಿಗೆ ಹೆಚ್ಚುಕಡಿಮೆ 7 ಮೀಟರ್ ಎತ್ತರದ ಬುದ್ಧ. ಕೆಲವು ಕಂಬಕ್ಕೆ ಆನೆ, ಕುದುರೆ, ಜನ ಎಲ್ಲ ಕೆತ್ತಿದ್ದಾರೆ, ಕೆಲವು ಸುಮ್ನೆ ಎಂಟು ಮೂಲೆಯ ಕಂಬವಾಗಿಯೇ ಉಳಿದಿವೆ. ಕಮಾನು ಛಾವಣಿಗೆ ಒಂದು ಕಾಲದಲ್ಲಿ ಮರದ ತೊಲೆಗಳಿದ್ದವು, ಈಗ ಗುರುತು ಮಾತ್ರ. ಲೋಣಾವಳ ಹತ್ತಿರದ ಕಾರ್ಲಾದಲ್ಲಿ ಆ ಮರ ಇನ್ನೂ ಇದೆ, ಅದನ್ನು ನೋಡಿ ಬಂದು ಇದನ್ನು ನೋಡಿದರೆ ಏನು ಹೋಗಿದೆ ಅಂತ ತಿಳಿಯುತ್ತದೆ.

ಇಲ್ಲಿ ಗೈಡ್ ಒಂದು ಟಾರ್ಚ್ ತೆಗೆದರು. ಶಾಸನದ ಎದುರು ನೇರ ಬೆಳಕು ಬಿಟ್ಟರು, ಏನೂ ಕಾಣಲಿಲ್ಲ, ಬರೀ ಉಬ್ಬುತಗ್ಗು ಕಲ್ಲು. ಆಮೇಲೆ ಟಾರ್ಚನ್ನು ಗೋಡೆಗೆ ಸಮನಾಗಿ ಪಕ್ಕದಿಂದ ಹಿಡಿದರು. ಒಂದೊಂದೇ ಅಕ್ಷರ ನೆರಳಿನಲ್ಲಿ ಎದ್ದು ನಿಂತವು. ಮಗಳು "ಅಮ್ಮಾ!" ಅಂತ ಕೂಗಿಯೇ ಬಿಟ್ಟಳು. ಮುಟ್ಟಲಿಲ್ಲ, ಸೀಮೆಸುಣ್ಣ ತುಂಬಲಿಲ್ಲ, ನೀರು ಚಿಮುಕಿಸಲಿಲ್ಲ. ತಜ್ಞರು ಪಡಿಯಚ್ಚು ತೆಗೆಯುವಾಗ ಒದ್ದೆ ಕಾಗದ ಹಚ್ಚಿ ಬ್ರಷ್‌ನಿಂದ ಬಡಿದು ಮಸಿ ಒತ್ತುತ್ತಾರೆ, ಅದು ಕಲಿತವರ ಕೆಲಸ, ನೀವು ಮಾಡಬೇಡಿ ಅಂದರು. ಪುರಾತತ್ವ ಇಲಾಖೆಯ ಶಾಸನ ವಿಭಾಗ ನಮ್ಮ ಮೈಸೂರಿನಲ್ಲೇ ಇದೆ, ಇಂಥ ಪಡಿಯಚ್ಚುಗಳ ದೊಡ್ಡ ಸಂಗ್ರಹ ಅಲ್ಲಿದೆ. ಇದನ್ನು ನಾನು ಹೇಳಿದೆ, ಗೈಡ್‌ಗೆ ಖುಷಿಯಾಯಿತು.

ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ಹಿಂದೆ ಏನಾಯಿತು ಕೇಳಿ. ಈ ವಾಕ್‌ನಲ್ಲಿ "ಕಿಡ್ಸ್ ಆಕ್ಟಿವಿಟಿ" ಅಂತ ಒಂದು ಇದೆ. ತಂಡದ ಇನ್ನೊಬ್ಬ ಹುಡುಗ, ಟೀ ಶರ್ಟ್ ಹಾಕಿಕೊಂಡವನು, ಮಕ್ಕಳನ್ನು ಮೂಲೆಗೆ ಕರೆದುಕೊಂಡು ಹೋಗಿ ತೆಳು ಕಾಗದ, ಕ್ರೇಯಾನ್ ಹಂಚಿದ. ಕೆತ್ತನೆ ಮೇಲೆ ಕಾಗದ ಇಟ್ಟು ಉಜ್ಜಿ, ಚಿತ್ರ ಬರುತ್ತದೆ ಅಂತ. ನಿಜ ಹೇಳಬೇಕೆಂದರೆ ನನಗೆ ಮೈ ಉರಿಯಿತು. ಸಾವಿರಾರು ವರ್ಷ ಮಳೆ ತಿಂದು ಮೆತ್ತಗಾದ ಕಲ್ಲಿನ ಮೇಲೆ ಭಾನುವಾರ ಭಾನುವಾರ ಹತ್ತು ಮಕ್ಕಳು ಉಜ್ಜಿದರೆ ಏನು ಉಳಿಯುತ್ತದೆ? ಕಾಗದ ಹರಿದರೆ ಮೇಣ ಕಲ್ಲಿಗೇ. ಗೈಡ್ ಓಡಿ ಬಂದು ನಿಲ್ಲಿಸಿದರು, ಎಲ್ಲರೆದುರು ಬೈಯಲಿಲ್ಲ, ಆದರೆ ಕ್ರೇಯಾನ್ ಡಬ್ಬಿ ತಮ್ಮ ಬ್ಯಾಗಿಗೆ ಹಾಕಿಕೊಂಡರು. ಒಳ್ಳೆಯದಾಯಿತು. ಆದರೆ ಬುಕಿಂಗ್ ಪೇಜಿನಲ್ಲಿ ನಾನು ಇದನ್ನು ಬರೆಯುವ ಹೊತ್ತಿಗೂ ಆ ಆಕ್ಟಿವಿಟಿ ಹಾಗೇ ಇದೆ. ಒಂದೂವರೆ ಸ್ಟಾರ್ ಕತ್ತರಿಸಿದ್ದರಲ್ಲಿ ಒಂದು ಪೂರ್ತಿ ಇದಕ್ಕೇ. ಮಕ್ಕಳಿಗೆ ಕಾಗದ ಕೊಟ್ಟು ನೋಡಿ ಬಿಡಿಸಿ ಅಂದರೆ ಸಾಕಿತ್ತು, ಅಲ್ವಾ?

ಇನ್ನು ಕನ್ನಡದವರಿಗೆ ಬೇಕಾದ ಭಾಗ. ದರ್ಬಾರ್ ಗುಹೆ ಅಂತ ಕರೆಯುವ ದೊಡ್ಡ ಹಾಲ್ ಇದೆ, ಉದ್ದಕ್ಕೆ ಎರಡು ಕಲ್ಲಿನ ಬೆಂಚು. ಗೈಡ್ ಬೆಂಚಿನ ಬಗ್ಗೆ ಹೇಳಿ ಮುಂದೆ ಹೊರಟರು. ನಾನು ತಡೆದು ಕೇಳಿದೆ: ರಾಷ್ಟ್ರಕೂಟರ ಶಾಸನ ಇಲ್ಲೇ ಅಲ್ವಾ? ಅವರು ನಿಂತರು. ಹೌದು, ಇಲ್ಲೂ ಇದೆ, ಇನ್ನೊಂದು ಗುಹೆಯಲ್ಲೂ ಇದೆ, ಯಾರೂ ಕೇಳುವುದಿಲ್ಲ ಅಂತ ಬಿಟ್ಟುಬಿಡುತ್ತೇನೆ ಅಂದರು. 9ನೇ ಶತಮಾನದಲ್ಲಿ ಕೊಂಕಣ ಆಳುತ್ತಿದ್ದವರು ಶಿಲಾಹಾರರು, ಅವರ ಮೇಲಿನ ದೊರೆ ಅಮೋಘವರ್ಷ, ನಮ್ಮ ನೃಪತುಂಗ. ಶಾಸನ ಸಂಸ್ಕೃತದ್ದು, ಕನ್ನಡದ್ದಲ್ಲ. ಆದರೆ ರಾಷ್ಟ್ರಕೂಟರ ರಾಜಧಾನಿ ಮಳಖೇಡದ ದೊರೆಯ ಹೆಸರು ಬೊರಿವಲಿಯ ಗುಡ್ಡದಲ್ಲಿ.

ಮಾವನಿಗೆ ಹೇಳಿದೆ. ಮಳಖೇಡ ಅವರ ಸೇಡಂ ತಾಲೂಕಿನದ್ದೇ. ಅಲ್ಲಿ ತನಕ ಮೊಣಕಾಲು ನೋವು ಅಂತ ಕಲ್ಲಿನ ಮೇಲೆ ಕೂತಿದ್ದವರು ಎದ್ದು ಬಂದರು. "ಏನವ್ವಾ, ನಮ್ಮ ಮಳಖೇಡದ ರಾಜಾನ ಹೆಸರು ಈ ಗುಡ್ಡದಾಗ ಅದಾ? ಮತ್ತ ಇವರು ಸುಮ್ನ ಮುಂದ ಹೊಂಟಿದ್ದರಲ್ಲ!" ಗೈಡ್‌ಗೆ ಕನ್ನಡ ಬಾರದಿದ್ದರೂ ಬೈಗುಳ ಅರ್ಥವಾಯಿತು, ನಕ್ಕರು.

ಆಮೇಲೆ ಅವರು ಹೇಳಿದ್ದು ಇಡೀ ಬೆಳಗಿನ ಒಳ್ಳೆಯ ಭಾಗ. ಆ ಇನ್ನೊಂದು ಗುಹೆಯಲ್ಲಿರುವುದು 843ರ ಶಾಸನ, ಶಿಲಾಹಾರ ಪುಲ್ಲಶಕ್ತಿಯ ಕಾಲದ್ದು. ಅದರಲ್ಲಿ ಒಬ್ಬರು ಇಲ್ಲಿನ ಸಂಘಕ್ಕೆ ದ್ರಮ್ಮ ನಾಣ್ಯಗಳ ದಾನ ಕೊಟ್ಟಿದ್ದಾರೆ, ಯಾವುದಕ್ಕೆ ಎಷ್ಟು ಅಂತಲೂ ಹಂಚಿದ್ದಾರೆ. ಬುದ್ಧನ ಪೂಜೆಗೆ ಒಂದಿಷ್ಟು, ಭಿಕ್ಷುಗಳ ಬಟ್ಟೆಗೆ ಒಂದಿಷ್ಟು, ಪುಸ್ತಕಕ್ಕೆ ಒಂದಿಷ್ಟು, ವಿಹಾರದಲ್ಲಿ, ಅಂದರೆ ಭಿಕ್ಷುಗಳು ಇರುವ ಜಾಗದಲ್ಲಿ, ಹಾಳಾದದ್ದರ ರಿಪೇರಿಗೆ ಒಂದಿಷ್ಟು. ರಿಪೇರಿಗೆ! ಇಂಥ ದಾನವನ್ನು ಅಕ್ಷಯನೀವಿ ಅನ್ನುತ್ತಿದ್ದರು, ನಮ್ಮ ಬ್ಯಾಂಕಿನ ಎಫ್‌ಡಿ ಇದ್ದ ಹಾಗೆ, ಅಸಲು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ಖರ್ಚು. ಕನ್ಹೇರಿಯಲ್ಲಿ ಇನ್ನೂ ಹಳೆಯ ಶಾಸನಗಳಲ್ಲೂ ಈ ಪದ್ಧತಿ ಇದೆ. ಗುಹೆ ಕೊರೆಸಿ ಹೆಸರು ಹಾಕಿಸಿಕೊಂಡು ಹೋಗುವುದು ಒಂದು, ಮುಂದೆ ಯಾರೋ ಅದನ್ನು ನೋಡಿಕೊಳ್ಳಲಿ ಅಂತ ದುಡ್ಡು ಇಟ್ಟು ಹೋಗುವುದು ಇನ್ನೊಂದು. ಈಗಿನ ಕಾಲದಲ್ಲೂ ಇಂಥದ್ದು ಇಲ್ಲವೇ ಇಲ್ಲ ಅಂತಲ್ಲ. ಕನ್ಹೇರಿಯಲ್ಲೇ ಇಂಡಿಯನ್ ಆಯಿಲ್ ಫೌಂಡೇಶನ್ ದುಡ್ಡಿನಲ್ಲಿ ಪ್ರವಾಸಿಗರಿಗೆ ಸೌಕರ್ಯ ಮಾಡಿದ್ದಾರೆ, 2022ರ ಬುದ್ಧ ಪೂರ್ಣಿಮೆಯ ದಿನ ಉದ್ಘಾಟನೆ ಆಯಿತು. ಆದರೆ ಸೌಕರ್ಯ ಕಣ್ಣಿಗೆ ಕಾಣುತ್ತದೆ, ಕಾಲುವೆಯ ಎಲೆ ತೆಗೆಯುವ ಕೂಲಿ ಕಾಣುವುದಿಲ್ಲ. 843ರಲ್ಲಿ ಆ ಕಾಣದ ಖರ್ಚಿಗೂ ಒಬ್ಬರು ದುಡ್ಡು ಇಟ್ಟಿದ್ದರು. ಇದನ್ನು ನಾವು ಕೇಳದಿದ್ದರೆ ಹೇಳುತ್ತಲೇ ಇರಲಿಲ್ಲ ಅನ್ನುವುದು ಈ ವಾಕ್‌ನ ದೊಡ್ಡ ಕೊರತೆ. ನೀರಿನ ಕಾಲುವೆ ತೋರಿಸಿ ಅಷ್ಟು ಚೆನ್ನಾಗಿ ಶುರು ಮಾಡಿದವರು ಕಥೆಯನ್ನು ಇಲ್ಲಿಗೆ ತಂದು ನಿಲ್ಲಿಸಬೇಕಿತ್ತು.

ಮೇಲೆ ಹತ್ತಿದರೆ 90ನೇ ಗುಹೆ. ಇಲ್ಲಿ ಗೋಡೆ ಮೇಲೆ ಹಳೆಯ ಪರ್ಷಿಯಾದ ಪಹ್ಲವಿ ಲಿಪಿಯ ಬರಹ ಇದೆ, 1009 ಮತ್ತು 1021ರದ್ದು. ಇಲ್ಲಿಗೆ ಬಂದ ಪಾರ್ಸಿಗಳು ತಮ್ಮ ಹೆಸರು, ದಿನ ಎಲ್ಲ ಕೆತ್ತಿ ಹೋಗಿದ್ದಾರೆ. ಒಬ್ಬ ಕಾಲೇಜು ಹುಡುಗ ತಕ್ಷಣ ಕೇಳಿದ: ಅವರು ಹೆಸರು ಕೆತ್ತಿದರೆ ಇತಿಹಾಸ, ನಾನು ಕೆತ್ತಿದರೆ ಜೈಲಾ? ಒಳ್ಳೆಯ ಪ್ರಶ್ನೆಯೇ. ಗೈಡ್ "ಆಗ ಕಾನೂನು ಇರಲಿಲ್ಲ, ಈಗ ಇದೆ" ಅಂದು 1958ರ ಸ್ಮಾರಕಗಳ ಕಾಯ್ದೆ, 2010ರ ತಿದ್ದುಪಡಿ, 2 ವರ್ಷದ ತನಕ ಜೈಲು ಅಥವಾ 1 ಲಕ್ಷದ ತನಕ ದಂಡ ಅಥವಾ ಎರಡೂ ಅಂತ ಹೇಳಿದರು. ಅದು ಸರಿ, ಆದರೆ ಹುಡುಗನಿಗೆ ಸಮಾಧಾನ ಆಗಲಿಲ್ಲ, ನನಗೂ ಪೂರ್ತಿ ಆಗಲಿಲ್ಲ. ಸಾವಿರ ವರ್ಷದ ಹಿಂದೆ ಕಾಡು ದಾಟಿ ಬಂದವರು ಬೆರಳೆಣಿಕೆ. ಈಗ ರಜೆ ದಿನ ಬರುವವರಲ್ಲಿ ನೂರಕ್ಕೆ ಒಬ್ಬ ಕೆತ್ತಿದರೂ ಆ ಪಹ್ಲವಿ ಅಕ್ಷರದ ಮೇಲೇ ಯಾರದೋ ಬಾಣ ಹೊಡೆದ ಹೃದಯ ಬಂದು ಕೂರುತ್ತದೆ. ಅಷ್ಟು ಹೇಳಿದ್ದರೆ ಸಾಕಿತ್ತು.

ಕಾನೂನಿನ ಇನ್ನೊಂದು ಭಾಗವನ್ನು ಬಸ್ಸಿನಲ್ಲಿ ವಾಪಸ್ ಬರುವಾಗ ಹೇಳಿದರು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ, ಅದರ ಆಚೆ ಇನ್ನೂ 200 ಮೀಟರ್ ಅನುಮತಿ ತೆಗೆದುಕೊಂಡು ಕಟ್ಟಬೇಕು. ಇದು ಕೇಳಲು ಒಣ ವಿಷಯ. ಆದರೆ ಇದೇ ವೆಸ್ಟರ್ನ್ ಲೈನ್‌ನಲ್ಲಿ ಜೋಗೇಶ್ವರಿಯಲ್ಲಿ ಇಳಿದು ಅಲ್ಲಿನ ಗುಹೆ ನೋಡಿ. ಅದೂ ದೊಡ್ಡ ಶೈವ ಗುಹೆ, ಎಲಿಫೆಂಟಾಕ್ಕೆ ಹತ್ತಿರದ ಕಾಲದ್ದು. ಸುತ್ತಲೂ ಮನೆ ಮೇಲೆ ಮನೆ, ಗುಹೆಯ ಅಂಚಿನ ತನಕ ಗೋಡೆ. ಮೇಲಿನ ಮನೆಗಳ ನೀರು ಎಲ್ಲಿಗೆ ಇಳಿಯಬೇಕು ಹೇಳಿ? ಅಲ್ಲಿರುವವರನ್ನು ಬೈದು ಪ್ರಯೋಜನ ಇಲ್ಲ, ಈ ಊರಿನಲ್ಲಿ ಒಂದು ಖೋಲಿ ಸಿಗುವುದು ಎಷ್ಟು ಕಷ್ಟ ಅಂತ ನಮಗೆಲ್ಲ ಗೊತ್ತು. ಕನ್ಹೇರಿಗೆ ಅದೃಷ್ಟ, ಸುತ್ತ ಸುಮಾರು 100 ಚದರ ಕಿಲೋಮೀಟರ್ ಕಾಡು ಇದೆ. ಕಾಡು ಉಳಿದದ್ದಕ್ಕೆ ಗುಹೆಯೂ ಉಳಿಯಿತು. ಗೈಡ್ ಇದನ್ನು ಬಸ್ಸಿನ ಸದ್ದಿನಲ್ಲಿ ಹೇಳಿದ್ದರಿಂದ ಹಿಂದಿನ ಸೀಟಿನವರಿಗೆ ಕೇಳಿಸಲಿಲ್ಲ.

ಉಳಿದ ದೂರುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 20 ಜನ ಅಂತ ಹೇಳಿ ಎರಡು ಬ್ಯಾಚನ್ನು ಒಟ್ಟು ಮಾಡಿದ್ದರು. ಭಿಕ್ಷುಗಳ ಕೋಣೆ ಒಬ್ಬ ಮಲಗುವಷ್ಟು ಜಾಗ, ಅದರೊಳಗೆ ಹತ್ತು ಜನ ನುಗ್ಗಿದರೆ ಹೆಗಲು, ಬ್ಯಾಗು ಎಲ್ಲ ಗೋಡೆಗೆ ಒರೆಸುತ್ತದೆ. ಮುಟ್ಟಬೇಡಿ ಅಂತ ಹೇಳಿ ಮುಟ್ಟದೆ ಇರಲು ಆಗದಷ್ಟು ಜನರನ್ನು ಒಳಗೆ ಬಿಟ್ಟರೆ ಏನು ಪ್ರಯೋಜನ? ಸೊಂಟಕ್ಕೆ ಕಟ್ಟುವ ಸ್ಪೀಕರ್ ಚೈತ್ಯದೊಳಗೆ ಕಿವಿ ಕೊರೆಯುತ್ತಿತ್ತು, ಅಲ್ಲಿ ಕಣ್ಣು ಮುಚ್ಚಿ ಕೂತಿದ್ದ ಇಬ್ಬರು ಎದ್ದು ಹೋದರು. "ಹಿರಿಯರಿಗೂ ಸುಲಭ" ಅಂತ ಬರೆದಿದ್ದಾರೆ, ಸುಳ್ಳು. ಬಂಡೆಯಲ್ಲಿ ಕಡಿದ ಮೆಟ್ಟಿಲು ಸವೆದು ಜಾರುತ್ತವೆ, ಮಾವ ಅರ್ಧ ದಾರಿಯಲ್ಲೇ ನಿಂತರು. 90ನೇ ಗುಹೆ ಅವರು ನೋಡಲೇ ಇಲ್ಲ. ನಾಷ್ಟಾ ಅಂತ ಕೊಟ್ಟ ತಣ್ಣನೆಯ ಪೋಹೆಯಲ್ಲಿ ಅರ್ಧ ಕೋತಿಯ ಪಾಲಾಯಿತು, ಅದಕ್ಕೂ ಇಷ್ಟವಾಗಲಿಲ್ಲ ಅಂತ ಕಾಣುತ್ತದೆ, ಪೊಟ್ಟಣ ಅಲ್ಲೇ ಬಿಟ್ಟು ಹೋಯಿತು. ಪೊಟ್ಟಣವನ್ನು ಗೈಡ್ ಹೆಕ್ಕಿ ಬ್ಯಾಗಿಗೆ ಹಾಕಿಕೊಂಡರು. ಇಡೀ ತಂಡದಲ್ಲಿ ಕೆಲಸ ಮಾಡುವವರು ಅವರೊಬ್ಬರೇ ಅಂತ ನನ್ನ ಅನುಮಾನ.

ಹೋಗುವವರು ಇಷ್ಟು ಮಾಡಿ. ಬುಕ್ ಮಾಡುವಾಗಲೇ ಪುರಾತತ್ವ ಓದಿದ ಗೈಡ್ ಬೇಕು ಅಂತ ಕೇಳಿ, ಎಲ್ಲ ಭಾನುವಾರ ಅವರೇ ಬರುವುದಿಲ್ಲ. ಜೋರು ಮಳೆಯ ತಿಂಗಳು ಬೇಡ, ಮಳೆ ನಿಲ್ಲುವ ಹೊತ್ತಿಗೆ ಹೋದರೆ ಕಾಲುವೆಯಲ್ಲಿ ಇನ್ನೂ ನೀರು ಹರಿಯುತ್ತಿರುತ್ತದೆ, ಯಾವ ತೊಟ್ಟಿ ತುಂಬಿದೆ ಯಾವುದು ಸೋರಿದೆ ಎಲ್ಲ ಕಣ್ಣಿಗೇ ಕಾಣುತ್ತದೆ. ಏಪ್ರಿಲ್ ಮೇ ಅಂತೂ ಬಂಡೆ ಕಾದು ಕಾಲಿಡಲು ಆಗುವುದಿಲ್ಲ. ಹಿಡಿತ ಇರುವ ಶೂ, ಸಣ್ಣ ಟಾರ್ಚ್, ನೀರು. ತಿಂಡಿ ಕೈಯಲ್ಲಿ ಹಿಡಿಯಬೇಡಿ. ಹಿರಿಯರಿದ್ದರೆ ಮೂರನೇ ಗುಹೆ, ದರ್ಬಾರ್ ಗುಹೆ ಎರಡೇ ಸಾಕು ಅಂತ ಮೊದಲೇ ಹೇಳಿಬಿಡಿ. ಮತ್ತೆ ದರ್ಬಾರ್ ಗುಹೆಯಲ್ಲಿ ನೃಪತುಂಗನ ಕಾಲದ ಶಾಸನ ತೋರಿಸಿ ಅಂತ ನೀವೇ ಕೇಳಬೇಕು. ನಾಲ್ಕು ಜನ ಕನ್ನಡದವರು ಬಂದು ಕೇಳಿದರೆ ಐದನೆಯವರಿಗೆ ಅವರಾಗಿಯೇ ಹೇಳುತ್ತಾರೆ.